ತೊಗಲಿನೊಳಗೆ ಹೊಲಿದ ವಾಕ್ಯ

ಆ ಬೆಳಗ್ಗೆ ಬೀಳುತ್ತಿದ್ದುದು ಮಳೆಯೂ ಅಲ್ಲ, ಹಿಮವೂ ಅಲ್ಲ. ವಸಂತ ಬಂತೆಂದು ನಂಬಿ ಪೋಪ್ಲರ್ ಮರಗಳು ಆಗಲೇ ಮೊಗ್ಗು ಬಿಟ್ಟಿದ್ದವು. ಅಷ್ಟರಲ್ಲಿ, ಏನೋ ಮರೆತುಬಿಟ್ಟೆನೆಂದು ಅರ್ಧ ದಾರಿಯಿಂದ ತಿರುಗಿ ಬರುವವರ ಹಾಗೆ, ಚಳಿಗಾಲ ಬೆಟ್ಟದ ಕಡೆಯಿಂದ ಮತ್ತೆ ಇಳಿದು ಬಂದಿತ್ತು. ನೆಲ ಮುಟ್ಟುವ ಮೊದಲೇ ನೀರಾಗುವ ಬಿಳಿಯ ಎಸಳುಗಳು ಕಾರಾ-ಸಾಯ್ ಊರಿನ ತಗಡಿನ ಮಾಡುಗಳ ಮೇಲೆ, ಬೆರಣಿಯ ಒಟ್ಟಲುಗಳ ಮೇಲೆ, ಕಟ್ಟಿಹಾಕಿದ ಕುದುರೆಗಳ ಬೆನ್ನಿನ ಮೇಲೆ ಸದ್ದಿಲ್ಲದೆ ಬೀಳುತ್ತಿದ್ದವು.

ಬೂಸಾರಾ ಕೊಟ್ಟಿಗೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಅವಳ ಮುಂದೆ ಕುರಿಯೊಂದು ಮೊದಲ ಸಲ ಮರಿ ಹಾಕುತ್ತಿತ್ತು. ಚೊಚ್ಚಲಾದ್ದರಿಂದ ಅದಕ್ಕೆ ಗಾಬರಿ. ಎದ್ದು ನಿಲ್ಲುವುದು, ಸುತ್ತುವುದು, ಮತ್ತೆ ಮಲಗುವುದು. ಬೂಸಾರಾ ಅದರ ಕಿವಿಯ ಹಿಂದೆ ಕೆರೆಯುತ್ತ, "ಆಯ್ತು ಕಣೇ, ಆಯ್ತು, ಎಲ್ಲರೂ ಹೀಗೇ ಬಂದೋರು," ಎಂದು ಸಮಾಧಾನ ಹೇಳಿದಳು. ಕೊನೆಗೆ ಒದ್ದೆಯಾದ ಮರಿ ಹುಲ್ಲಿನ ಮೇಲೆ ಜಾರಿತು. ಹಣೆಯ ಮೇಲೆ ತಾಯಿಗಿದ್ದಂಥದೇ ಬಿಳಿಯ ಬೊಟ್ಟು. ಅದರ ಮೂಗು ಒರೆಸಿ, ಉಸಿರು ಬಂದದ್ದು ಕಂಡು, "ಸ್ತೋತ್ರ ಕರ್ತನೇ," ಎಂದಳು.

ಈಚೆಗೆ ಆ ಮಾತು ಅವಳ ಬಾಯಿಗೆ ಸಲೀಸಾಗಿ ಬರುತ್ತಿತ್ತು. ಹಿಂದೆ ಹಾಗಿರಲಿಲ್ಲ. ಅವಳೂ ಅವಳ ಗಂಡನೂ ಯೇಸುವನ್ನು ನಂಬಿದವರೆಂದು ಮುಸಲ್ಮಾನರ ಆ ಊರಿಗೆ ತಿಳಿದ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡಿದ್ದವು. ಜಗಳವೇನಿಲ್ಲ, ಬೈಗುಳವೂ ಇಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಹೆಂಗಸರೆಲ್ಲ ಕೂಡಿ ಉಣ್ಣೆ ಬಡಿದು, ಸುತ್ತಿ, ಉರುಳಿಸಿ ಕಂಬಳಿ ಮಾಡುವ ದಿನ ಹಾಡು ಅವಳ ಅಂಗಳದವರೆಗೂ ಕೇಳುತ್ತಿತ್ತು, ಕರೆ ಮಾತ್ರ ಬರುತ್ತಿರಲಿಲ್ಲ. ಗಂಡ ತೀರಿಕೊಂಡಾಗ ಊರಿನ ಗೋರಿಗಳ ನಡುವೆ ಜಾಗ ಸಿಗದೆ, ಕಾಲುವೆಯಾಚೆಯ ಇಳಿಜಾರಿನಲ್ಲಿ ಮಣ್ಣು ಮಾಡಬೇಕಾಯಿತು. ಹೊತ್ತವರು ಎಸೆನ್‌ಬೆಕ್‌ನ ಮನೆಯಲ್ಲಿ ಪ್ರಾರ್ಥನೆಗೆ ಸೇರುವ ಬೆರಳೆಣಿಕೆಯ ವಿಶ್ವಾಸಿಗಳು ಮಾತ್ರ.

ಆಮೇಲೆ ಒಂದು ದಿನ ನೆರೆಮನೆಯ ಸೊಸೆ ಚಿನಾರಾ ಬಸುರಿಯಾಗಿ, ಬೇಲಿಯ ಮೇಲೆ ಬಾಗಿ ನಿಂತು ಒಂದು ಮಾತು ಕೇಳಿದ್ದಳು.

ಬೂಸಾರಾಳ ತಾಯಿ ತಾಯಿತ ಹೊಲಿಯುವುದಕ್ಕೆ ಹೆಸರಾದವಳು. ಅಂಗೈಯ ಅರ್ಧದಷ್ಟು ತೊಗಲು, ಮೂರು ಮೂಲೆ, ಒಳಗೆ ಮಂತ್ರ ಬರೆದ ಚೀಟಿ, ಕೆಂಪು ದಾರದ ಅಂಚು. ಕೂಸಿನ ಕೊರಳಿಗೆ, ಕುದುರೆಯ ಜೂಲಿಗೆ, ಮದುಮಗಳ ಪೆಟ್ಟಿಗೆಗೆ ಅದನ್ನು ಕಟ್ಟದಿದ್ದರೆ ಯಾರಿಗೂ ಸಮಾಧಾನವಿಲ್ಲ. ಬೂಸಾರಾ ಆ ಕೆಲಸವನ್ನು ತಾಯಿಯ ತೊಡೆಯ ಮೇಲೇ ಕಲಿತವಳು. ನಂಬಿಕೆಗೆ ಬಂದ ದಿನ ಅವಳು ತಾನಾಗಿಯೇ ಬಿಟ್ಟದ್ದು ಅದೊಂದನ್ನು. ಯಾರೂ ಬಿಡು ಎಂದಿರಲಿಲ್ಲ. ಆಮೇಲೆ ಕುದುರೆಯ ಜೀನಿನ ಹೊದಿಕೆ, ದಿಂಬಿನ ಚೀಲ ಹೊಲಿದು ಬದುಕಿದಳು.

"ನಿಮ್ಮ ಪುಸ್ತಕದ ವಾಕ್ಯಾನೇ ಬರೆದು ಹೊಲಿದು ಕೊಡಿ," ಎಂದಿದ್ದಳು ಚಿನಾರಾ. "ಅದೂ ದೇವರ ಮಾತೇ ತಾನೇ?"

ಹೌದಲ್ಲ, ದೇವರ ಮಾತೇ. ಬೂಸಾರಾ ಮೂರು ದಿನ ಅದನ್ನೇ ತಿರುವಿ ಹಾಕಿದಳು. ನನ್ನ ಹೊಸ್ತಿಲು ತುಳಿಯದವರ ಮನೆಯೊಳಗೆ ಕರ್ತನ ವಾಕ್ಯ ಹೋಗುತ್ತದೆ, ಕೂಸಿನ ಎದೆಯ ಮೇಲೇ ಕೂರುತ್ತದೆ, ಬೇಡವೆನ್ನಲು ನಾನ್ಯಾರು ಎಂದುಕೊಂಡಳು. ಕರ್ತನೇ ನನ್ನನ್ನು ಕಾಯುವ ಕುರುಬ ಎನ್ನುವ ಆ ಸಾಲನ್ನು ಚೆಂದದ ಅಕ್ಷರದಲ್ಲಿ ಬರೆದು, ಮಡಿಸಿ, ತೊಗಲಿನಲ್ಲಿಟ್ಟು ಹೊಲಿದಳು. ಹೆರಿಗೆ ಸುಸೂತ್ರವಾಯಿತು, ಗಂಡುಮಗು, ಅದಿಲ್. ಚಿನಾರಾಳ ಅತ್ತೆ ಕುಲಿಪಾ, ಅದುವರೆಗೆ ಬೂಸಾರಾಳ ಸಲಾಮಿಗೆ ಗದ್ದ ಕೂಡ ಅಲ್ಲಾಡಿಸದವಳು, ಹಣೆಯಲ್ಲಿ ಬೊಟ್ಟಿದ್ದ ಹೆಣ್ಣು ಕುರಿಮರಿಯೊಂದನ್ನು ತಾನೇ ಎತ್ತಿಕೊಂಡು ಬಂದು, "ತಗೋ, ಮೊಮ್ಮಗನ ಹೆಸರಲ್ಲಿ," ಎಂದು ಕೊಟ್ಟು ಹೋದಳು.

ಅಲ್ಲಿಂದ ಶುರು. ಕುಲಿಪಾಳ ಕಿರಿಯ ಮಗ ತಿಲೆಕ್ ಕುದುರೆಯಾಟದಲ್ಲಿ ಗೆದ್ದ. ಅವನ ಕುದುರೆಯ ಜೂಲಿನಲ್ಲಿ ಬೂಸಾರಾಳ ತಾಯಿತವಿತ್ತು. ಮೇಲಿನ ಕೇರಿಯವರು ಬಂದರು, ಕೆಳಗಿನ ಕೇರಿಯವರು ಬಂದರು. ಕಂಬಳಿ ಉರುಳಿಸಲು ಕರೆ ಬಂತು. ಔತಣಗಳಲ್ಲಿ ಬಾಗಿಲ ಬಳಿ ಕೂರುತ್ತಿದ್ದವಳನ್ನು ಕೈ ಹಿಡಿದು ಬಾಗಿಲೆದುರಿನ ಗೌರವದ ಜಾಗಕ್ಕೆ ಕರೆದೊಯ್ದರು; ಹಿರಿಯ ಹೆಂಗಸರಿಗೆ ಸಲ್ಲುವ ಮಾಂಸದ ಪಾಲು ಅವಳ ತಟ್ಟೆಗೆ ಬಂತು. ಆ ದಿನ ಮನೆಗೆ ಬಂದು ಅವಳು ಸಂತೋಷಕ್ಕೆ ಅತ್ತಿದ್ದಳು. ಕರ್ತನೇ, ನನ್ನನ್ನು ಮತ್ತೆ ಜನರ ನಡುವೆ ಸೇರಿಸಿದೆಯಲ್ಲ ಎಂದು ಸ್ತೋತ್ರ ಹೇಳಿದ್ದಳು. ಆ ಕುರಿಮರಿಯೇ ಬೆಳೆದು ಈ ಹೊತ್ತು ತಾಯಾಗಿದೆ.

"ಎಜೆ, ಒಳಗಿದ್ದೀರಾ?"

ಚಿನಾರಾಳ ದನಿ. ಚಿಕ್ಕವಳಾದ್ದರಿಂದ ಅವಳು ಬೂಸಾರಾಳನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು.

"ಇಲ್ಲೇ ಇದ್ದೀನಿ, ಬಾ. ನಿಮ್ಮ ಕುರಿ ಮರಿ ಹಾಕ್ತು ನೋಡು. ತಾಯಿ ಹಾಗೇ ಬೊಟ್ಟಿಟ್ಕೊಂಡು ಬಂದಿದೆ."

ಚಿನಾರಾ ಮರಿಯ ಕಡೆ ನೋಡಲಿಲ್ಲ. ತಲೆಯ ವಸ್ತ್ರ ಒದ್ದೆಯಾಗಿ ಹಣೆಗೆ ಅಂಟಿತ್ತು. "ಅದಿಲ್‌ಗೆ ಜ್ವರ ಇಳೀತಾ ಇಲ್ಲ, ಎಜೆ. ಅತ್ತೆ ಕಳಿಸಿದ್ರು. ಹೋದ ಸಲದ್ದು ಸಾಲ್ದೇನೋ, ಇನ್ನೂ ದೊಡ್ಡ ವಾಕ್ಯ ಹಾಕಿ ಹೊಲಿದು ಕೊಡ್ಬೇಕಂತೆ."

"ದೊಡ್ಡ ವಾಕ್ಯ ಅಂದ್ರೆ?"

"ಉದ್ದಂದು ಅಂತ ಇರ್ಬೇಕು. ನಂಗೇನು ಗೊತ್ತು? ಗಟ್ಟಿ ಇರೋದು."

"ಯಾವತ್ತಿಂದ ಜ್ವರ?"

"ಸಂತೆ ದಿನದಿಂದ. ರಾತ್ರಿಯಿಂದ ಉಸಿರು ಬೇರೆ ಗೊರ್‌ಗೊರ್ ಅಂತಿದೆ."

"ಮತ್ತೆ ಆಸ್ಪತ್ರೆಗೆ ಹೋಗ್ದೆ ಇಲ್ಲೇನು ಮಾಡ್ತಿದ್ದೀಯೇ?"

ಚಿನಾರಾ ಅವಳನ್ನೇ ಆಶ್ಚರ್ಯದಿಂದ ನೋಡಿದಳು. "ಆಸ್ಪತ್ರೆಗೆ ಹೊಳೆ ದಾಟ್ಬೇಕಲ್ಲ, ಎಜೆ. ನೀವೇ ಬೇಡ ಅಂದಿದ್ರಿ."

ಬೂಸಾರಾಳ ಕೈಯಲ್ಲಿದ್ದ ಹುಲ್ಲು ಕೆಳಗೆ ಬಿತ್ತು.

ಹೌದು, ಹೇಳಿದ್ದಳು. ಹೋದ ತಿಂಗಳು ಅದಿಲ್‌ನ ಹಳೆಯ ತಾಯಿತದ ಹೊಲಿಗೆ ಬಿಚ್ಚಿತೆಂದು ಹೊಸದು ಮಾಡಿಕೊಟ್ಟಿದ್ದಳು. ಕೊರಳಿಗೆ ಕಟ್ಟಿ ಗಂಟು ಬಿಗಿಯುವಾಗ ಬಾಯಿ ತಾನಾಗಿ ಆಡಿತ್ತು: ಬೆಟ್ಟದ ಹಿಮ ಕರಗುವ ತನಕ ಮಗೂನ ಹರಿಯೋ ನೀರು ದಾಟಿಸ್ಬೇಡಿ, ಕಟ್ಟಿದ್ದು ಸಡಿಲಾಗುತ್ತೆ. ಅದು ಅವಳ ತಾಯಿಯ ಮಾತು. ಗಂಟು ಬಿಗಿಯುವಾಗಲೆಲ್ಲ ತಾಯಿ ಹಾಗೇ ಹೇಳುತ್ತಿದ್ದಳು. ಹಳೆಯ ಸೂಜಿ ಕೈಗೆತ್ತಿಕೊಂಡಾಗ ಹಳೆಯ ಮಾತೂ ದಾರದ ಜೊತೆಗೇ ಬಂದಿತ್ತು. ಆಡಿದ್ದು ತನಗೆ ಕೇಳಿಸಿರಲೂ ಇಲ್ಲ. ಆದರೆ ಕುಲಿಪಾಗೆ ಕೇಳಿಸಿತ್ತು.

ಬೂಸಾರಾ ಮರಿಯನ್ನು ತಾಯಿಯ ಹೊಟ್ಟೆಗೆ ಒತ್ತರಿಸಿಟ್ಟು, ಕೈ ಒರೆಸಿಕೊಳ್ಳುತ್ತಲೇ ಓಡಿದಳು.

ಕುಲಿಪಾಳ ಮನೆಯೊಳಗೆ ದೃಷ್ಟಿ ತೆಗೆಯಲು ಉರಿಸಿದ ಬೆಟ್ಟದ ಸೊಪ್ಪಿನ ಹೊಗೆ ಕಟ್ಟಿಕೊಂಡಿತ್ತು. ಒಲೆಯ ಪಕ್ಕದ ಹಾಸಿಗೆಯಲ್ಲಿ ಮಗು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬೀಳುತ್ತಿತ್ತು. ತುಟಿ ನೀಲಿಗೆ ತಿರುಗಿತ್ತು. ಎದೆಯ ಮೇಲೆ ಕೆಂಪು ಅಂಚಿನ ಮೂರು ಮೂಲೆಯ ತೊಗಲು, ಆ ಉಸಿರಿನ ಜೊತೆ ಏಳುತ್ತ ಬೀಳುತ್ತ. ತಿಲೆಕ್ ಬಾಗಿಲ ಬಳಿ ಕಾರಿನ ಬೀಗದಕೈ ಬೆರಳಿಗೆ ಸುತ್ತುತ್ತ ನಿಂತಿದ್ದ. ಅಣ್ಣ, ಚಿನಾರಾಳ ಗಂಡ, ದುಡಿಯಲು ರಷ್ಯಾಕ್ಕೆ ಹೋಗಿದ್ದರಿಂದ ಮನೆಯಲ್ಲಿ ಗಂಡಸೆಂದರೆ ಅವನೊಬ್ಬನೇ.

"ತಂದ್ಯಾ?" ಎಂದಳು ಕುಲಿಪಾ.

"ಕುಲಿಪಾ ಎಜೆ, ಮಗೂನ ಈಗಿಂದೀಗ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ನಾನೂ ಬೆಳಗ್ಗೆಯಿಂದ ಅದನ್ನೇ ಬಡ್ಕೋತಾ ಇದ್ದೀನಿ," ಎಂದ ತಿಲೆಕ್. "ಕುದುರೆ ಕೆಮ್ಮಿದ್ರೆ ವೈದ್ಯನ್ನ ಕರೀತಾರೆ ಈ ಮನೇಲಿ."

"ನೀನು ಬಾಯಿ ಮುಚ್ಚು. ಬೂಸಾರಾ, ಕಣ್ಣಿಲ್ವಾ ನಿಂಗೆ? ಕಿಟಕೀಲಿ ನೋಡು. ಬೆಟ್ಟದ ಮೇಲೆ ಹಿಮ ಇನ್ನೂ ಹಾಗೇ ಇದೆ."

"ನಾನು ಹಾಗಂದಿದ್ದು ತಪ್ಪು, ಎಜೆ."

"ತಪ್ಪಾ?" ಕುಲಿಪಾ ಎದ್ದು ನಿಂತಳು. "ಯಾವುದು ತಪ್ಪು? ತಾಯಿತ ಕಾಯುತ್ತೆ ಅಂದಿದ್ದಾ, ನೀರು ದಾಟಿಸ್ಬೇಡಿ ಅಂದಿದ್ದಾ?"

ಆಗ ಬೂಸಾರಾಳ ಮನಸ್ಸಿಗೆ ಸುಲಭದ ದಾರಿಯೊಂದು ಹೊಳೆಯಿತು. ನೀರು ದಾಟಲು ಬೇರೊಂದು ಗಂಟಿದೆ, ಈಗಲೇ ಹಾಕಿಕೊಡುತ್ತೇನೆ ಎಂದರಾಯಿತು. ಕುಲಿಪಾ ನಂಬುತ್ತಾಳೆ. ಮಗು ಹೊಳೆ ದಾಟುತ್ತದೆ. ಬದುಕಿದರೆ ಗಂಟಿಗೆ ಹೆಸರು, ಬೂಸಾರಾಗೆ ಇನ್ನೊಂದು ಕುರಿ. ಔತಣದ ಜಾಗ, ಕಂಬಳಿಯ ಹಾಡು, ಯಾವುದೂ ಕೈಬಿಡುವುದಿಲ್ಲ. ಒಂದೇ ಒಂದು ಸಣ್ಣ ಗಂಟು. ಅವಳ ಬೆರಳು ಆಗಲೇ ದಾರದ ಮೇಲಿತ್ತು. ಆದರೆ ಆ ದಾರದ ಕೆಳಗೆ ಮಗುವಿನ ಕತ್ತು ಕೆಂಡದಂತೆ ಸುಡುತ್ತಿತ್ತು. ಈ ಸಲ ಗಂಟು ಹಾಕಿದರೆ ಮುಂದಿನ ಚಳಿಗಾಲಕ್ಕೆ ಇನ್ಯಾರದೋ ಕೂಸು ಹೀಗೇ ಮಲಗಿರುತ್ತದೆ. ಆಗ ನಾನು ಬಳಿಯಲ್ಲಿ ಇರುತ್ತೇನೋ ಇಲ್ಲವೋ.

"ಎರಡೂ ತಪ್ಪು," ಎಂದಳು.

ಸೊಂಟದಲ್ಲಿ ಯಾವಾಗಲೂ ತೂಗುತ್ತಿದ್ದ ಕತ್ತರಿ ತೆಗೆದು ದಾರ ಕತ್ತರಿಸಿದಳು.

ಕುಲಿಪಾ ಕೂಗಿಕೊಂಡದ್ದು ಬೀದಿಗೆ ಕೇಳಿಸಿರಬೇಕು. "ಅಯ್ಯೋ, ಏನು ಮಾಡ್ದೆ! ಇದ್ದ ಒಂದು ಕಾವಲನ್ನೂ ಕಿತ್ತು ಹಾಕಿದ್ಯಲ್ಲೇ! ಹಾಗಾದ್ರೆ ನಿನ್ನ ದೇವರ ಮಾತು ಸುಳ್ಳಾ?"

"ದೇವರ ಮಾತು ಸುಳ್ಳಲ್ಲ. ಅದನ್ನ ತೊಗಲಲ್ಲಿ ತುರುಕಿ, ಅದರ ಮೇಲೆ ನಮ್ಮಮ್ಮನ ಕಟ್ಟಳೆ ಹೇರಿ ನಿಮ್ಮ ಕೂಸಿನ ಕೊರಳಿಗೆ ಕಟ್ಟಿದೆನಲ್ಲ, ಸುಳ್ಳು ನನ್ನದು." ಬೂಸಾರಾ ಕತ್ತರಿಸಿದ ತಾಯಿತವನ್ನು ಜೇಬಿಗೆ ಸೇರಿಸಿದಳು. "ನೀವು ನನ್ನ ಕರೀಲಿ ಅಂತ ಆಸೆ ಇತ್ತು, ಎಜೆ. ಮೇಲೆ ಕೂರಿಸ್ಲಿ ಅಂತ. ಅದಕ್ಕೆ ಮಾಡ್ದೆ."

"ಮಗೂಗೆ ಏನಾದ್ರೂ ಆದ್ರೆ?"

"ನನ್ನ ತಲೆ ಮೇಲೆ ಹಾಕಿ. ಆದ್ರೆ ಈಗ ಬಿಡಿ."

ಆಮೇಲೆ ಚಿನಾರಾ, ಆ ಮನೆಗೆ ಬಂದಾಗಿನಿಂದ ಅತ್ತೆಯ ಮಾತಿಗೆ ಎದುರಾಡದವಳು, ಬಾಗಿ ಮಗುವನ್ನು ಹೊದಿಕೆಯ ಸಮೇತ ಎತ್ತಿಕೊಂಡು ಹೊರಗೆ ನಡೆದಳು. ತಿಲೆಕ್ ಅವಳಿಗಿಂತ ಮೊದಲೇ ಕಾರಿನಲ್ಲಿದ್ದ.

ಹೊಳೆ ಕೆಂಪಗೆ ಉಬ್ಬಿ ಹರಿಯುತ್ತಿತ್ತು. ಸೇತುವೆ ಹತ್ತುವಾಗ ಚಿನಾರಾ ಕಣ್ಣು ಮುಚ್ಚಿಕೊಂಡಳು. ಕಾರಿನ ಕನ್ನಡಿಗೆ ಕಟ್ಟಿದ್ದ ತಾಯಿತ ಅತ್ತಿತ್ತ ತೂಗಾಡುತ್ತಿತ್ತು. ಅದೂ ಬೂಸಾರಾಳ ಕೈಯದೇ.

"ಇದನ್ನೂ ಈಗ್ಲೇ ಕತ್ತರಿಸ್ತೀರಾ ಎಜೆ, ಇಲ್ಲಾ ಪಟ್ಟಣ ಮುಟ್ಟಿದ ಮೇಲಾ?" ಎಂದ ತಿಲೆಕ್. ತಮಾಷೆ ಮಾಡಿದನಾದರೂ ಅವನ ಕಣ್ಣು ಕನ್ನಡಿಯಲ್ಲಿ ಕಾಣುವ ಮಗುವಿನ ಮೇಲೇ ಇತ್ತು.

"ನೀನು ರಸ್ತೆ ನೋಡಪ್ಪಾ."

ಪಟ್ಟಣದ ಆಸ್ಪತ್ರೆಯಲ್ಲಿ ದಪ್ಪ ಕನ್ನಡಕದ ಡಾಕ್ಟರಮ್ಮ ಮಗುವಿನ ಎದೆಗೆ ಕಿವಿಗೊಟ್ಟವಳೇ ಏನೂ ಕೇಳದೆ ಎತ್ತಿಕೊಂಡು ಒಳಗೆ ಹೋದಳು. ಚಿನಾರಾ ಹಿಂದೆಯೇ ಓಡಿದಳು. ಬಾಗಿಲು ಮುಚ್ಚಿತು. ಬೂಸಾರಾ ಹೊರಗಿನ ಬೆಂಚಿನ ಮೇಲೆ ಕೂತಳು. ಪ್ರಾರ್ಥನೆ ಮಾಡುತ್ತಿದ್ದೇನೆಂದೇ ಬಹಳ ಹೊತ್ತು ಅಂದುಕೊಂಡಿದ್ದಳು. ಆಮೇಲೆ ನೋಡಿಕೊಂಡರೆ ಅವಳ ಬಲಗೈ ಜೇಬಿನೊಳಗಿತ್ತು. ಕತ್ತರಿಸಿದ ತಾಯಿತವನ್ನು ಬೆರಳುಗಳು ಬಿಗಿಯಾಗಿ ಅಮುಕಿ ಹಿಡಿದಿದ್ದವು.

ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಅದನ್ನು ಕುಲಿಪಾಳ ಮನೆಯವರಿಗೆ ಕಟ್ಟಿದ್ದು ಮಾತ್ರ ಅಲ್ಲ, ತನಗೂ ಕಟ್ಟಿಕೊಂಡಿದ್ದಳು.

ತಾಯಿತವನ್ನು ಹೊರತೆಗೆದು, ಕತ್ತರಿಯ ತುದಿಯಿಂದ ತಾನೇ ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಮಗುವಿನ ಬೆವರು ಕುಡಿದು ಚೀಟಿ ಮೆತ್ತಗಾಗಿತ್ತು. ಶಾಯಿ ಹರಡಿ ಒಂದಕ್ಷರವೂ ಉಳಿದಿರಲಿಲ್ಲ. ನೀಲಿಯ ಒಂದು ಮೋಡ, ಅಷ್ಟೇ. ಓದಲು ಏನೂ ಇಲ್ಲದೆ, ಹಿಡಿಯಲು ಏನೂ ಇಲ್ಲದೆ, ಅವಳು ಎರಡು ಕೈಯನ್ನೂ ಮಡಿಲಲ್ಲಿ ತೆರೆದಿಟ್ಟುಕೊಂಡಳು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ಕಾಯುವವನು ಯಾರೆಂದು ಅದರಲ್ಲಿ ನೆಟ್ಟಗೆ ಹೇಳಿತ್ತು. ಮಕ್ಕಳಿಗೂ ತಿಳಿಯುವಷ್ಟು ನೆಟ್ಟಗೆ. ಅವನು ತೊಗಲಿನ ಚೀಲದಲ್ಲಿ ಕೂರುವವನಲ್ಲ, ಹೊಳೆಗೆ ಹೆದರುವವನೂ ಅಲ್ಲ. ತಪ್ಪಾಯ್ತು ಎಂದಳು. ಆಮೇಲೆ, ಮಗುವನ್ನು ಉಳಿಸು ಎಂದಳು. ಅದಕ್ಕಿಂತ ದೊಡ್ಡ ಮಾತು ಅವಳಿಗೆ ಸಿಗಲಿಲ್ಲ.

ಮಧ್ಯಾಹ್ನ ಮೋಡ ಹರಿದು ಕಿಟಕಿಯಲ್ಲಿ ಬಿಸಿಲು ಬಿದ್ದಾಗ ಡಾಕ್ಟರಮ್ಮ ಹೊರಗೆ ಬಂದಳು.

"ಶ್ವಾಸಕೋಶಕ್ಕೆ ಸೋಂಕು ಹಿಡಿದಿತ್ತು. ಈಗ ಪರವಾಗಿಲ್ಲ, ತುಟಿಗೆ ಬಣ್ಣ ಬಂದಿದೆ. ಇನ್ನೊಂದು ರಾತ್ರಿ ಮನೇಲಿ ಇಟ್ಕೊಂಡಿದ್ರೆ ನಾನು ಏನೂ ಮಾಡೋ ಹಾಗಿರ್ತಿರ್ಲಿಲ್ಲ. ಇಷ್ಟು ದಿನ ಯಾರು ತಡೆದ್ರಮ್ಮಾ?"

"ನಾನು," ಎಂದಳು ಬೂಸಾರಾ.

ಡಾಕ್ಟರಮ್ಮ ಅವಳ ಮುಖ ನೋಡಿದಳು. "ಒಳಗೆ ಹೋಗಿ ಆ ತಾಯಿಗೊಂದು ಲೋಟ ಚಹಾ ಕುಡಿಸಿ. ಬೆಳಗ್ಗೆಯಿಂದ ನಿಂತೇ ಇದ್ದಾಳೆ," ಎಂದು ಹೋದಳು.

ಬೂಸಾರಾ ಅಲ್ಲೇ ಗೋಡೆಗೆ ಹಣೆ ಆನಿಸಿ, "ಸ್ತೋತ್ರ," ಎಂದಳು. ಎಷ್ಟೋ ದಿನಗಳ ಮೇಲೆ ಆ ಮಾತು ಕಷ್ಟಪಟ್ಟು ಬಂತು. ಬಂದ ಮೇಲೆ ನಿಲ್ಲಲಿಲ್ಲ. ಡಾಕ್ಟರಮ್ಮನಿಗಾಗಿ, ಸೇತುವೆಗಾಗಿ, ಅತ್ತೆಗೆ ಎದುರಾಗಿ ಮಗುವನ್ನು ಎತ್ತಿಕೊಂಡ ಆ ಸೊಸೆಯ ಕೈಗಳಿಗಾಗಿ, ತನ್ನ ಕತ್ತರಿಗಾಗಿ ಕೂಡ.

ಭಾನುವಾರ ಎಸೆನ್‌ಬೆಕ್‌ನ ಮನೆಯಲ್ಲಿ ಪ್ರಾರ್ಥನೆ ಮುಗಿದು ಚಹಾ ಬಗ್ಗಿಸುವಾಗ ಅವಳು ಎಲ್ಲವನ್ನೂ ಹೇಳಿದಳು. ಹಲ್ಲುದುರಿದ ಹಿರಿಯ ಎಸೆನ್‌ಬೆಕ್ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತ ಕೇಳಿದ.

"ತಿಲೆಕ್‌ನ ಕಾರಿನ ಕನ್ನಡೀಲಿ ತಾಯಿತ ತೂಗ್ತಿದ್ದಾಗ್ಲೇ ನೋಡಿದ್ದೆನಮ್ಮಾ ನಾನು," ಎಂದ. "ಯಾರ ಹೊಲಿಗೆ ಅಂತಾನೂ ಗೊತ್ತಾಯ್ತು. ಕೇಳ್ಬೇಕು ಅನ್ಕೊಂಡೆ. ಅಷ್ಟರಲ್ಲಿ ಊರಿನವರು ನನ್ನ ಸಲಾಮಿಗೂ ತಿರುಗಿ ಸಲಾಮ್ ಹೇಳೋಕೆ ಶುರು ಮಾಡಿದ್ರು. ಹಿತವಾಗಿತ್ತು ಅದು. ಸುಮ್ಮನಾಗಿಬಿಟ್ಟೆ. ಹೊಲಿಗೆ ಗಟ್ಟಿಯಾಗ್ಲಿ ಅಂತ ನಿನ್ನ ದಾರಕ್ಕೆ ಮೇಣ ಹಚ್ಚಿದೋನು ನಾನೇ ಅಂದ್ಕೋ."

"ಬೈಕೆ, ನೀವೇನು ಮಾಡಿದ್ರಿ?" ಎಂದಳು ಅವಳು. ದೊಡ್ಡಣ್ಣನೆಂಬಂತೆ ಎಲ್ಲರೂ ಅವನನ್ನು ಬೈಕೆ ಎನ್ನುತ್ತಿದ್ದರು.

"ಏನೂ ಮಾಡ್ಲಿಲ್ಲ. ಅದೇ ನಾನು ಮಾಡಿದ್ದು. ನಡಿ, ಈಗ ಮನೆ ಮನೆಗೆ ಹೋಗಿ ತಾಯಿತ ವಾಪಸ್ ಕೇಳೋಣ. ಇಬ್ಬರೂ ಬೈಸ್ಕೊಂಡು ಬರೋಣ."

ಬೈಸಿಕೊಂಡರು. ಮೇಲಿನ ಕೇರಿಯ ಮುದುಕಿಯೊಬ್ಬಳು ಬಾಗಿಲನ್ನೇ ತೆರೆಯಲಿಲ್ಲ. ಇನ್ನೊಬ್ಬಳು ತಾಯಿತವನ್ನು ಕಿತ್ತು ಅಂಗಳಕ್ಕೆ ಎಸೆದು, "ಮುಂದಿನ ವರ್ಷ ಏನು ಮಾರೋಕೆ ಬರ್ತೀಯೋ!" ಎಂದಳು. ಕೆಲವರು ಕೊಡಲೇ ಇಲ್ಲ. ಬೂಸಾರಾ ತಾಯಿತಕ್ಕೆ ಬದಲಾಗಿ ತಾನು ಪಡೆದಿದ್ದ ಉಣ್ಣೆಯ ಕಂತೆ, ಗಟ್ಟಿ ಮೊಸರಿನ ಉಂಡೆಗಳ ಚೀಲ, ಹೊಸ ತಲೆವಸ್ತ್ರ ಎಲ್ಲವನ್ನೂ ಹೊಸ್ತಿಲ ಮೇಲಿಟ್ಟು, "ತಪ್ಪು ನನ್ನದು," ಎಂದು ಮುಂದೆ ನಡೆದಳು. ದಾರಿಯಲ್ಲಿ ಸಿಕ್ಕ ಊರಿನ ಮುಲ್ಲಾ ಗಡ್ಡ ನೀವಿಕೊಂಡು, "ತಾಯಿತ ಕಟ್ಟಬೇಡಿ ಅಂತ ನಾನೂ ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ ಕಣಯ್ಯ ಎಸೆನ್‌ಬೆಕ್. ಅಂತೂ ನಾವಿಬ್ಬರೂ ಒಂದು ಮಾತಿಗೆ ಬಂದ್ವಿ," ಎಂದಾಗ ಮಾತ್ರ ಎಸೆನ್‌ಬೆಕ್ ಬೊಚ್ಚುಬಾಯಿ ಬಿಟ್ಟು ನಕ್ಕ.

ತಿಲೆಕ್ ಕಾರಿನ ಕನ್ನಡಿಯ ತಾಯಿತವನ್ನು ತಾನೇ ಬಿಚ್ಚಿಕೊಟ್ಟ. ಕುದುರೆಯದನ್ನು ಬಿಚ್ಚುವಾಗ ಸ್ವಲ್ಪ ತಡೆದ. "ಸೋತ್ರೆ ನೀವೇ ಬಂದು ಆಡ್ಬೇಕು, ಎಜೆ."

"ಆಡ್ತೀನಿ. ಕುದುರೆ ಹತ್ತೋಕೆ ಏಣಿ ತಂದಿಡು."

ಆ ವಾರ ಊರಿನಲ್ಲಿ ಕಂಬಳಿ ಉರುಳಿಸಿದರು. ಹಾಡು ಕೇಳಿಸಿತು. ಕರೆ ಬರಲಿಲ್ಲ. ಬೂಸಾರಾ ಕಿಟಕಿಯ ಬಳಿ ಕೂತು ಜೀನಿನ ಹೊದಿಕೆ ಹೊಲಿಯುತ್ತ, ದೂರದಿಂದಲೇ ಆ ಹಾಡಿಗೆ ದನಿಗೂಡಿಸಿದಳು. ನೋವಾಗಲಿಲ್ಲವೆಂದಲ್ಲ. ಆದರೆ ಮನೆಯೊಳಗೆ ಯಾರೋ ಹಳೆಯ ಗೆಳೆಯ ಮರಳಿ ಬಂದು ಒಲೆಯ ಬಳಿ ಕೂತಂತೆ ಬೆಚ್ಚಗಿತ್ತು.

ಉಳಿದದ್ದು ಕುಲಿಪಾಳ ಮನೆ. ಅದಿಲ್ ಆಸ್ಪತ್ರೆಯಿಂದ ಬಂದ ಮಾರನೆಯ ದಿನ, ಬೆಟ್ಟದ ಮೇಲೆ ಬಿಸಿಲು ಹೊಳೆಯುತ್ತಿದ್ದಾಗ, ಬೂಸಾರಾ ಕುರಿಯ ಕೊರಳಿಗೆ ಹಗ್ಗ ಹಾಕಿ ಹೊರಟಳು. ಮರಿ ತಾಯಿಯ ಹಿಂದೆ ಕುಣಿಯುತ್ತ ಬಂತು. ಕುಲಿಪಾ ಅಂಗಳದಲ್ಲಿ ಒಬ್ಬಳೇ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಒಳಗಿನಿಂದ ಅದಿಲ್ ಯಾವುದಕ್ಕೋ ಹಟ ಮಾಡಿ ಅಳುವುದು ಕೇಳಿಸುತ್ತಿತ್ತು. ಗಟ್ಟಿಯಾದ, ಆರೋಗ್ಯದ ಅಳು. ಇಬ್ಬರೂ ಒಂದು ಗಳಿಗೆ ಅದನ್ನೇ ಕೇಳುತ್ತ ನಿಂತರು.

ಬೂಸಾರಾ ಹಗ್ಗದ ತುದಿಯನ್ನು ಮುಂದೆ ಹಿಡಿದಳು.

ಕುಲಿಪಾ ಕೈ ಒರೆಸಿಕೊಂಡು ಕುರಿಯನ್ನು ನೋಡಿದಳು, ಆಮೇಲೆ ಮರಿಯನ್ನು. "ನಾವು ಕೊಟ್ಟಿದ್ದು ಒಂದೇ."

"ಇದೂ ಅದರ ಹೊಟ್ಟೇಲೇ ಹುಟ್ಟಿದ್ದು, ಎಜೆ. ನಿಮ್ದೇ."

ಬೂಸಾರಾ ಕುಲಿಪಾಳ ಅಂಗೈಯನ್ನು ಬಿಡಿಸಿ, ಹಗ್ಗವನ್ನು ಅದರಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದಳು.